ಹಲ್ಲಿಗೆ ಸಿಕ್ಕ ಮರಳು

ಕೆರಗೋಡು
4 ಆಗಸ್ಟ್ 2024

ಪೂಜ್ಯ ವೇದವತಿ ಅಮ್ಮನವರಿಗೆ, ಕೆರಗೋಡಿನಿಂದ ಗಗನ ಮಾಡುವ ನಮಸ್ಕಾರಗಳು.

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ. ಒತ್ತಕ್ಷರಗಳು ತಪ್ಪುತ್ತವೆ. ನಾನು ಓದಿರುವುದು ಐದನೇ ಕ್ಲಾಸಿನವರೆಗೆ ಮಾತ್ರ. ಈ ಕಾಗದವನ್ನು ಎರಡು ಸಲ ಬರೆದು ಹರಿದಿದ್ದೇನೆ, ಇದು ಮೂರನೆಯದು.

ನಿಮ್ಮ ಕಾರ್ಡು ಮೊನ್ನೆ ಬಂತು. "ನಿಮ್ಮ ರಾಗಿ ಹುರಿಹಿಟ್ಟಿನಲ್ಲಿ ಮರಳಿದೆ. ತಿನ್ನುವವರ ಬಾಯಿ ಹೇಗಿದೆಯೋ ಎಂಬ ಯೋಚನೆ ಇಲ್ಲದೆ ತಿನ್ನುವ ಪದಾರ್ಥ ಮಾರಬೇಡಿ" ಎಂದು ಬರೆದಿದ್ದೀರಿ. ಹಿಟ್ಟಿನ ಬಗ್ಗೆ ಎರಡೇ ಸಾಲು. ಆ ಎರಡು ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಹಿಟ್ಟು ಮಾಡುವವಳು ನನ್ನ ಅವ್ವ, ಹೊಂಬಾಳಮ್ಮ. ಪೊಟ್ಟಣದ ಮೇಲಿರುವುದು ಅವಳದೇ ಹೆಸರು. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೇ. ಅವ್ವ ರಾಗಿ ನೆನೆಸಿ, ನೆರಳಲ್ಲಿ ಆರಿಸಿ, ಕಾದ ಮರಳಿನಲ್ಲಿ ಹುರಿದು ಅರಳಿಸುತ್ತಾಳೆ. ಆಮೇಲೆ ಜರಡಿ ಹಿಡಿದು ಮರಳು ತೆಗೆದು ಮಿಲ್ಲಿಗೆ ಕೊಡುತ್ತಾಳೆ. ಮೂವತ್ತೊಂದು ವರ್ಷದಿಂದ ಅವಳ ಕೈ ಇದೇ ಕೆಲಸ ಮಾಡುತ್ತಿದೆ. ಪೊಟ್ಟಣ ಕಟ್ಟುವುದು, ಚೀಟಿ ಅಂಟಿಸುವುದು, ಮದ್ದೂರಿನ ಅಂಗಡಿಗೆ ಮುಟ್ಟಿಸುವುದು ನನ್ನ ಕೆಲಸ.

ಚೀಟಿಯ ಮೇಲೆ ಫೋನ್ ನಂಬರ್ ಇಲ್ಲ, ಯಾರಿಗೆ ಹೇಳಬೇಕೋ ತಿಳಿಯದೆ ಕಾರ್ಡು ಬರೆದೆ ಎಂದಿದ್ದೀರಿ. ನಂಬರ್ ಬೇಡ ಎಂದವಳು ನಾನು. ಪ್ರೆಸ್ಸಿನವರು "ನಂಬ್ರಿಲ್ದೆ ಯಾವ ಲೇಬಲ್ಲವ್ವ, ಗಿರಾಕಿ ಏನು ನಿಮ್ಮೂರ್ಗೆ ಪಾರಿವಾಳ ಬುಡ್ಬೇಕಾ?" ಎಂದು ನಕ್ಕರು. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಎದುರಿಗೂ ಅಷ್ಟಕ್ಕಷ್ಟೇ. ಮೊದಲ ಅಕ್ಷರದಲ್ಲೇ ಬಾಯಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ಇದರ ಜೊತೆ ಹೊಸ ಪೊಟ್ಟಣ ಕಳಿಸಿದ್ದೇನೆ. ದಯವಿಟ್ಟು ಹಣ ಕಳಿಸಬೇಡಿ.

ಇನ್ನೊಂದು ಮಾತು. ಮುಂದೆ ಏನಾದರೂ ಬರೆಯುವುದಿದ್ದರೆ ಅವ್ವನ ಹೆಸರಿಗೆ ಬೇಡ. ಗಗನ ಎಂದು ನನ್ನ ಹೆಸರಿಗೇ ಬರೆಯಿರಿ.

ಇತಿ ನಿಮ್ಮ ಕ್ಷಮೆ ಕೋರುವ,
ಗಗನ


ಮಳವಳ್ಳಿ
19 ಆಗಸ್ಟ್ 2024

ಗಗನ ಅವರಿಗೆ,

ಪೊಟ್ಟಣ ತಲುಪಿತು. ಅದರಲ್ಲೂ ಮರಳಿದೆ. ಮೊದಲಿಗಿಂತ ಕಡಿಮೆ, ಆದರೆ ಇದೆ.

ನನಗೆ ಪುಕ್ಕಟೆ ಹಿಟ್ಟು ಬೇಡ, ಮರಳಿಲ್ಲದ ಹಿಟ್ಟು ಬೇಕು. ಬೇರೆ ಕಡೆ ಕೊಳ್ಳಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ನಾಲ್ಕು ಕಡೆಯದು ತಂದು ನೋಡಿಯಾಯಿತು. ನಮ್ಮ ಮನೆಯಲ್ಲಿ ಅದನ್ನು ತಿನ್ನುವವರು ನಿಮ್ಮದನ್ನೇ ಕೇಳುತ್ತಾರೆ. ಅದಕ್ಕಾಗಿ ಮತ್ತೆ ಬರೆಯುತ್ತಿದ್ದೇನೆ.

ಇತಿ,
ವೇದವತಿ


ಕೆರಗೋಡು
2 ಸೆಪ್ಟೆಂಬರ್ 2024

ಪೂಜ್ಯ ವೇದವತಿ ಅಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಎರಡನೇ ಕಾರ್ಡು ಬಂದ ದಿನ ಅವ್ವ ಡೈರಿಗೆ ಹಾಲು ಹಾಕಲು ಹೋಗಿದ್ದಳು. ನಾನು ಒಂದು ಪೊಟ್ಟಣ ಬಿಚ್ಚಿ ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಮುಂದಿನ ಹಲ್ಲಿಗಿಟ್ಟು ನೋಡಿದೆ. ಮೂರನೇ ಚಿಟಿಕೆಗೆ ಸಿಕ್ಕಿತು. ಕಿರ್ ಎಂದಿತು. ಮೈಯೆಲ್ಲ ಜುಂ ಅಂದಿತು.

ನಾನು ಹುಟ್ಟಿದ ಮೇಲೆ ನಮ್ಮ ಮನೆಯ ಹಿಟ್ಟಿನಲ್ಲಿ ಮರಳು ಕಂಡದ್ದು ಅದೇ ಮೊದಲು. ಯಾಕೆ ಹೀಗಾಯಿತು ಎಂದು ಎರಡು ದಿನ ಅವ್ವನ ಕೈಯನ್ನೇ ನೋಡುತ್ತಾ ಕೂತೆ. ಆಮೇಲೆ ತಿಳಿಯಿತು. ಹೇಳಲು ನಾಚಿಕೆಯಾಗುತ್ತದೆ, ಇಷ್ಟು ದಿನ ಎದುರಿಗೇ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅರಳನ್ನು ಜರಡಿ ಹಿಡಿದ ಮೇಲೆ ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮುಂದಿನ ಹಲ್ಲಿನಲ್ಲಿ ಮೆಲ್ಲಗೆ ಅರೆಯುತ್ತಾಳೆ. ಒಂದು ಕಣ ಸಿಕ್ಕಿದರೂ ಪೂರ್ತಿ ಮೊರವನ್ನು ಮತ್ತೆ ಜರಡಿಗೆ ಸುರಿಯುತ್ತಾಳೆ. ಸಿಗದಿದ್ದರೆ "ಓಗಲಿ" ಅನ್ನುತ್ತಾಳೆ. ಅವಳು ಓಗಲಿ ಅಂದ ಮೇಲೆಯೇ ಅದು ಮಿಲ್ಲಿಗೆ. ಜರಡಿ ಕೈಗೆ, ಹಲ್ಲು ಬಾಯಿಗೆ ಎಂದು ನಮ್ಮ ಅಜ್ಜಿ ಕಲಿಸಿದ್ದಂತೆ.

ಎರಡು ವರ್ಷದ ಕೆಳಗೆ ಅವ್ವನ ಹಲ್ಲುಗಳೆಲ್ಲ ಅಲುಗಾಡಿ, ಒಂದನ್ನೂ ಬಿಡದೆ ಕೀಳಿಸಿದ್ದಾಯಿತು. ಹಲ್ಲು ಸೆಟ್ಟು ಮಾಡಿಸಿಕೊಟ್ಟರೆ ಒಂದು ದಿನ ಹಾಕಿಕೊಂಡು ತೆಗೆದಿಟ್ಟಳು. "ಇನ್ನೊಬ್ರ ಹಲ್ಲ ಬಾಯಲ್ಲಿಟ್ಕಂಡಂಗಾಯ್ತದೆ, ಥೂ" ಅಂದಳು. ಸೆಟ್ಟು ಈಗ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಆದರೆ ಅವ್ವ ಇವತ್ತಿಗೂ ಒಂದು ಚಿಟಿಕೆ ಬಾಯಿಗೆ ಹಾಕುತ್ತಾಳೆ. ಕಣ್ಣು ಮುಚ್ಚುತ್ತಾಳೆ. ವಸಡಿನಲ್ಲಿ ಅರೆಯುತ್ತಾಳೆ. "ಓಗಲಿ" ಅನ್ನುತ್ತಾಳೆ.

ನಿಮ್ಮ ಮೊದಲ ಕಾರ್ಡು ಬಂದಾಗ ಅವ್ವ ಪಕ್ಕದಲ್ಲೇ ಇದ್ದಳು. ಅವಳಿಗೆ ಓದಲು ಬರುವುದಿಲ್ಲ. "ಏನಂತಮ್ಮಿ?" ಎಂದು ಕೇಳಿದಳು. ನಾನು "ಹಿಟ್ಟು ಚೆನ್ನಾಗದಂತೆ" ಎಂದುಬಿಟ್ಟೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅಷ್ಟು ಸಲೀಸಾಗಿ ನನಗೆ ಯಾವತ್ತೂ ಮಾತು ಬಂದದ್ದಿಲ್ಲ.

ಈಗ ನಾನೊಂದು ದಾರಿ ಮಾಡಿದ್ದೇನೆ. ಮಿಲ್ಲಿನಿಂದ ಬಂದ ಹಿಟ್ಟನ್ನು ಅವ್ವ ಡೈರಿಗೆ ಹೋದಾಗ ಅಪ್ಪನ ಹಳೆಯ ಮಲ್ಲು ಪಂಚೆಯಲ್ಲಿ ಸೋಸಿ ಪೊಟ್ಟಣ ಕಟ್ಟುತ್ತೇನೆ. ಅವಳು ಬರುವಷ್ಟರಲ್ಲಿ ಪಂಚೆ ಒದರಿ ಮಡಚಿಟ್ಟಿರುತ್ತೇನೆ. ಈ ಸಲ ಕಳಿಸಿದ್ದು ಹಾಗೆ ಸೋಸಿದ ಹಿಟ್ಟು. ನಾನೇ ಹಲ್ಲಿಗಿಟ್ಟು ನೋಡಿದ್ದೇನೆ.

ಇತಿ,
ಗಗನ


ಮಳವಳ್ಳಿ
22 ಸೆಪ್ಟೆಂಬರ್ 2024

ಚಿ. ಗಗನಳಿಗೆ ಆಶೀರ್ವಾದಗಳು.

ಈ ಹಿಟ್ಟಿನಲ್ಲಿ ಮರಳಿಲ್ಲ. ಹದಿನೈದು ದಿನ ನೋಡಿ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಿನ್ನ ಕಾಗುಣಿತ ನೀನು ಹೆದರಿಕೊಂಡಷ್ಟೇನೂ ಕೆಟ್ಟದಾಗಿಲ್ಲ. ಐದನೆಯ ತರಗತಿಗೇ ಯಾಕೆ ಬಿಟ್ಟೆ ಎಂದು ಕೇಳುವುದಿಲ್ಲ, ಊಹಿಸಬಲ್ಲೆ. ಎದ್ದು ನಿಂತು ಓದು ಎಂದಾಗ ಬಾಯಿ ಕಟ್ಟುವ ಮಕ್ಕಳನ್ನು ನಾನೂ ನೋಡಿದ್ದೇನೆ. ಅವರನ್ನು ಕಾಯುವಷ್ಟು ತಾಳ್ಮೆ ನನಗೆ ಯಾವಾಗಲೂ ಇರಲಿಲ್ಲ.

ಹಿಟ್ಟು ನನ್ನ ತಮ್ಮ ಮಧುಕರನಿಗೆ. ನಲವತ್ತಾರು ವರ್ಷ. ಊರೂರಿಗೆ ಹೋಗಿ ಗಮಕ ವಾಚನ ಮಾಡುತ್ತಿದ್ದ, ಅಷ್ಟು ದೊಡ್ಡ ಕಂಠ. ಅಡಿಕೆ ಹೊಗೆಸೊಪ್ಪಿನ ಚಟವೂ ಅಷ್ಟೇ ದೊಡ್ಡದು. ಹೋದ ವರ್ಷ ಬಾಯಿಯೊಳಗೆ ಹುಣ್ಣು ಎಂದು ಶುರುವಾಯಿತು. ನಾಲಿಗೆಯ ಅರ್ಧ ತೆಗೆದಿದ್ದಾರೆ. ಆಮೇಲೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದ ಮೇಲೆ ಬಾಯಿಯ ಒಳಗೆಲ್ಲ ಚರ್ಮ ಸುಲಿದ ಹಾಗಿದೆ. ಮಾತಿಲ್ಲ. ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಾನೆ. ಅವನೆದುರು ನಾನು ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದೇನೆ. ಮೊಬೈಲನ್ನು ಸ್ಕೂಲಿನ ಬೀರುವಿನಲ್ಲೇ ಇಟ್ಟು ಬರುತ್ತೇನೆ. ಮನೆಯಲ್ಲಿರುವುದು ಹಳೆಯ ಲ್ಯಾಂಡ್‌ಲೈನ್, ಅದರ ನಂಬರ್ ಈ ಕಾಗದದ ತಲೆಯಲ್ಲಿದೆ.

ನಿನ್ನ ತಾಯಿಯ ಹುರಿಹಿಟ್ಟನ್ನು ಹಾಲಿನಲ್ಲಿ ತೆಳ್ಳಗೆ ಕಲಸಿದರೆ ಬೆಳಿಗ್ಗೆ ಒಂದು ಬಟ್ಟಲು ಇಳಿಯುತ್ತದೆ. ಅದೊಂದೇ. ಅಂಥ ಬಾಯಿಗೆ ಒಂದು ಮರಳಿನ ಕಣ ಏನು ಮಾಡುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ತಾಯಿಗೆ ಹೇಳಿಬಿಡು. ಪಂಚೆಯಲ್ಲಿ ಎಷ್ಟು ದಿನ ಸೋಸುತ್ತೀಯೆ?

ಇತಿ,
ವೇದವತಿ


ಕೆರಗೋಡು
13 ಅಕ್ಟೋಬರ್ 2024

ಪೂಜ್ಯ ಮೇಡಮ್ ಅವರಿಗೆ ನಮಸ್ಕಾರಗಳು.

ನಿಮ್ಮ ತಮ್ಮನವರ ವಿಷಯ ಓದಿ ಆ ದಿನ ಊಟ ಸೇರಲಿಲ್ಲ.

ಅವ್ವನಿಗೆ ಹೇಳಲು ಹೋಗಿದ್ದೆ. ಅವಳು ಮರಳನ್ನು ಬಾಣಲೆಗೆ ಸುರಿಯುತ್ತಿದ್ದಳು. ನಾನು ಎದುರಿಗೆ ಕೂತು "ಅವ್ವಾ, ಹಿ... ಹಿ..." ಎಂದೆ. ಮುಂದಕ್ಕೆ ಬರಲಿಲ್ಲ. ಅವ್ವ ನನ್ನ ಮುಖ ನೋಡಿ, "ಏನಮ್ಮಿ, ಇಟ್ಟು ಸಾಲ್ದಾಗದಾ?" ಅಂದಳು. ನಾನು ತಲೆ ಆಡಿಸಿಬಿಟ್ಟೆ. ಅವ್ವ ಅವತ್ತೇ ಇನ್ನೂ ಎರಡು ಸೇರು ರಾಗಿ ನೆನೆಹಾಕಿದಳು.

ನಿಮ್ಮೊಬ್ಬರದೇ ದೂರಲ್ಲ. ಬೇರೆಯವರದೂ ಇವೆ. ಮದ್ದೂರು ಬಸ್ ಸ್ಟ್ಯಾಂಡಿನ ಹತ್ತಿರ ಅಂಬರೀಶಣ್ಣ ಎಂಬುವರ ಅಂಗಡಿಯಲ್ಲಿ ನಮ್ಮ ಪೊಟ್ಟಣ ಇಡುತ್ತೇವೆ. ಗಿರಾಕಿಗಳು ಹೇಳಿದ್ದನ್ನೆಲ್ಲ ಅವರು ಚೀಟಿಯಲ್ಲಿ ಬರೆದು ನನ್ನ ಬ್ಯಾಗಿಗೆ ಹಾಕುತ್ತಾರೆ. ಏಳು ಚೀಟಿಗಳಿವೆ, ಟ್ರಂಕಿನ ತಳದಲ್ಲಿ ಇಟ್ಟಿದ್ದೇನೆ. ಪಂಚೆಯ ಉಪಾಯಕ್ಕೆ ಮೊದಲು ಕಟ್ಟಿದ್ದ ಹದಿನೆಂಟು ಪೊಟ್ಟಣವನ್ನು ಮೊನ್ನೆ ವಾಪಸ್ ಕೊಟ್ಟರು. ಅಂಗಡಿ ತುಂಬಾ ಜನ ಇದ್ದರು. "ಅಲ್ಲಾ ಕಣಮ್ಮಿ, ನಿಮ್ಮವ್ವ ಇಟ್ಟು ಮಾರ್ತಾವಳೋ, ಸಿಂಸಾ ಒಳೆ ಮಾರ್ತಾವಳೋ? ಇಂಗೇ ಮಾಡಿದ್ರೆ ಲಾರೀಲಿ ತುಂಬ್ಸಿ ಮನೆ ಕಟ್ಟೋರಿಗೆ ಕೊಡ್ಬೋದು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದಾಗ ಅವ್ವ "ಬ್ಯಾಗು ಯಾಕಿಂಗೆ ಬಾರ ಅದೆ?" ಎಂದಳು. ಅಂಗಡಿ ಬಾಗಿಲು ಹಾಕಿತ್ತು ಎಂದೆ. ಅದೂ ಸಲೀಸಾಗಿ ಬಂತು.

ಅವ್ವನಿಗೆ ಏನೋ ಗೊತ್ತಾಗುತ್ತಿದೆ ಅನ್ನಿಸುತ್ತದೆ. ನಿನ್ನೆ ಮೊರ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. "ಈಚೀಚ್ಗೆ ನನ್ನಿಟ್ಟು ಚೆಂದಾಗದೆ ಅಂತ ಯಾರೂ ಅನ್ತಿಲ್ಲ ಅಲ್ವೇನಮ್ಮಿ? ಮೊದ್ಲು ಮನೆಗಂಟ ಬಂದು ಯೋಳ್ಬುಟ್ಟು ಓಗೋರು" ಅಂದಳು. ಅವಳಿಗೆ ಬೇರೆ ಏನೂ ಇಲ್ಲ ಮೇಡಮ್. ಓದಿಲ್ಲ, ಗದ್ದೆಯನ್ನು ದಾಯಾದಿಗಳು ಮಾಡುತ್ತಾರೆ, ಮಗಳು ಹೀಗೆ. ಜನ ಅವಳನ್ನು ಹೆಸರು ಹಿಡಿದು ಕೇಳಿಕೊಂಡು ಬರುತ್ತಿದ್ದದ್ದು ಹಿಟ್ಟಿಗಾಗಿ ಮಾತ್ರ.

ಕೇಳಬಾರದ್ದನ್ನು ಕೇಳುತ್ತಿದ್ದೇನೆ. ಅವ್ವನ ಹೆಸರಿಗೆ ಒಂದು ಕಾರ್ಡು ಬರೆಯುತ್ತೀರಾ? ಹಿಟ್ಟು ಚೆನ್ನಾಗಿದೆ ಎಂದು ಎರಡು ಸಾಲು ಸಾಕು. ನಾನು ಓದಿ ಹೇಳಿದರೆ ನಂಬುವಳೋ ಇಲ್ಲವೋ, ಪೋಸ್ಟಿನವರಿಂದಲೇ ಓದಿಸುತ್ತೇನೆ.

ಇತಿ,
ಗಗನ


ಮಳವಳ್ಳಿ
3 ನವೆಂಬರ್ 2024

ಚಿ. ಗಗನಳಿಗೆ,

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಯಾವ ಮಗುವಿಗೂ ಬರದ ಅಂಕ ಹಾಕಿದವಳಲ್ಲ ನಾನು. ನಿನ್ನ ಕಾಗದ ಓದಿ ಆಗುವುದಿಲ್ಲ ಎಂದು ಬರೆಯಲು ಕೂತಿದ್ದೆ. ಮಧುಕರ ಕಾಗದವನ್ನು ಕೈಯಿಂದ ತೆಗೆದುಕೊಂಡು ಓದಿದ. ಆಮೇಲೆ ಸ್ಲೇಟಿನಲ್ಲಿ ಬರೆದ: "ಸುಳ್ಳೇನು ಬಂತು? ದಿನಾ ತಿನ್ನುವವನು ನಾನು. ಬರಿ."

ಅವನು ಹೇಳಿದಂತೆ ಬರೆದು ನಿನ್ನ ತಾಯಿಯ ಹೆಸರಿಗೆ ಬೇರೆಯಾಗಿ ಕಾರ್ಡು ಹಾಕಿದ್ದೇನೆ. ಅದರಲ್ಲಿರುವುದು ಇಷ್ಟು: "ಹೊಂಬಾಳಮ್ಮನವರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಕಾಯಿಲೆಯವರೊಬ್ಬರಿದ್ದಾರೆ. ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಹುರಿಹಿಟ್ಟಿನ ಘಮ ಬಂದರೆ ಅವರು ಎದ್ದು ಕೂರುತ್ತಾರೆ. ನಿಮ್ಮ ಕೈ ತಣ್ಣಗಿರಲಿ."

ಇದರಲ್ಲಿ ಸುಳ್ಳಿಲ್ಲ, ನಿಜ. ಆದರೆ ಇರಬೇಕಾದ್ದೂ ಪೂರ್ತಿ ಇಲ್ಲ. ಕಾರ್ಡು ಓದಿಸಿದ ಮೇಲೆ, ಅವರ ಮನಸ್ಸು ತಂಪಾಗಿರುವಾಗ, ಉಳಿದದ್ದನ್ನು ನೀನು ಹೇಳಬೇಕು. ಆ ಮಾತಿನ ಮೇಲೆ ಬರೆದಿದ್ದೇನೆ.

ಇತಿ,
ವೇದವತಿ


ಕೆರಗೋಡು
17 ನವೆಂಬರ್ 2024, ಭಾನುವಾರ ಬೆಳಿಗ್ಗೆ

ಮೇಡಮ್,

ನಿನ್ನೆ ಅವ್ವ ಕಳಿಸಿದ ಪೊಟ್ಟಣ ಬಿಚ್ಚಬೇಡಿ. ತಮ್ಮನವರಿಗೆ ಕೊಡಬೇಡಿ. ಇದನ್ನು ಮೊದಲು ಓದಿ.

ನಿಮ್ಮ ಕಾರ್ಡು ಬಂದಾಗಿನಿಂದ ಅವ್ವ ನೆಲದ ಮೇಲೆ ನಿಂತಿಲ್ಲ. ಪೋಸ್ಟಿನವರಿಂದ ಒಂದು ಸಲ, ಪಕ್ಕದ ಮನೆ ಶೋಭಿತಾಳಿಂದ ಎರಡು ಸಲ ಓದಿಸಿಕೊಂಡಳು. ದೇವರ ಪಟದ ಪಕ್ಕ ಮೊಳೆ ಹೊಡೆದು ಸಿಕ್ಕಿಸಿದ್ದಾಳೆ. ಉಳಿದದ್ದನ್ನು ನಾಳೆ ಹೇಳೋಣ ನಾಳೆ ಹೇಳೋಣ ಎಂದು ನಾನು ದಿನ ತಳ್ಳಿದೆ. ನಿನ್ನೆ ನಾನು ಮದ್ದೂರಿಗೆ ಹೋಗಿದ್ದಾಗ ಅವ್ವ ಹೊಸ ರಾಗಿ ಹುರಿದು, ತಾನೇ ಮಿಲ್ಲಿಗೆ ಹೋಗಿ ಬೀಸಿಸಿ, ತಾನೇ ಕಟ್ಟಿ, ಶೋಭಿತಾಳಿಂದ ವಿಳಾಸ ಬರೆಸಿ, ಮಳವಳ್ಳಿ ಬಸ್ಸಿನ ಕಂಡಕ್ಟರ್ ಮಹದೇವಣ್ಣನ ಕೈಯಲ್ಲಿ ನಿಮಗೆ ಕಳಿಸಿದ್ದಾಳೆ. "ಕಾಯ್ಲೆ ಮಗೀಗೆ ಅಂತ ಬ್ಯಾರೆ ಮಾಡ್ದೆ ಕಣಮ್ಮಿ, ದುಡ್ಡೀಸ್ಕಬ್ಯಾಡ ಅಂದಿವ್ನಿ" ಎಂದು ಇವತ್ತು ಎದ್ದ ಮೇಲೆ ಹೇಳಿದಳು. ಅದು ಪಂಚೆಗೆ ಬಿದ್ದಿಲ್ಲ. ಹಲ್ಲಿಗೂ ಬಿದ್ದಿಲ್ಲ.

ಇವತ್ತು ಬೆಳಿಗ್ಗೆ ನಿಮ್ಮ ಮನೆಗೆ ಮೂರು ಸಲ ಫೋನು ಬಂದಿರಬೇಕು. ಮಾಡಿದವಳು ನಾನೇ. ಮೂರು ಸಲವೂ ನೀವು ಹಲೋ ಅಂದಿರಿ, ಯಾರು ಅಂದಿರಿ. ನನಗೆ ಉಸಿರು ಮಾತ್ರ ಬಂತು. ಶೋಭಿತಾಳ ಕೈಯಲ್ಲಿ ಮಾಡಿಸೋಣವೆಂದರೆ ಅವಳು ಅವ್ವನಿಗೆ ಹೇಳಿಬಿಡುತ್ತಾಳೆಂಬ ಹೆದರಿಕೆ. ನಾನೇ ಬರೋಣವೆಂದರೆ ನಿಮ್ಮ ಬಾಗಿಲಲ್ಲಿ ನಿಂತೂ ಇದೇ ಆಗುತ್ತದೆ.

ಮಹದೇವಣ್ಣನ ಬಸ್ಸು ಇನ್ನು ಹತ್ತು ನಿಮಿಷಕ್ಕೆ ಹೊರಡುತ್ತದೆ. ಓಡಬೇಕು.

ಗಗನ


ಕೆರಗೋಡು
8 ಡಿಸೆಂಬರ್ 2024

ಪೂಜ್ಯ ಮೇಡಮ್ ಅವರಿಗೆ ನಮಸ್ಕಾರಗಳು.

ಕಾಗದ ನಿಮ್ಮ ಕೈಗೇ ಕೊಟ್ಟೆ ಎಂದು ಮಹದೇವಣ್ಣ ಹೇಳಿದರು. ಮೂರು ವಾರವಾಯಿತು. ಪೋಸ್ಟಿನವರ ಸೈಕಲ್ಲು ದಿನಾ ನಮ್ಮ ಮನೆ ದಾಟಿ ಹೋಗುತ್ತದೆ.

ಅವ್ವ ನಿಮ್ಮ ಕಾರ್ಡಿನ ಹುರುಪಿನಲ್ಲಿ ಎರಡರಷ್ಟು ಹುರಿಯುತ್ತಿದ್ದಾಳೆ. ಕೆ.ಎಂ. ದೊಡ್ಡಿಯ ಅಂಗಡಿಯೊಂದಕ್ಕೂ, ಅಂಬರೀಶಣ್ಣನ ಅಂಗಡಿಗೂ ಈಗ ತಾನೇ ಬಸ್ಸಿನಲ್ಲಿ ಕಳಿಸುತ್ತಾಳೆ. ಎಲ್ಲವನ್ನೂ ಪಂಚೆಗೆ ಹಾಕಲು ನನ್ನಿಂದ ಆಗುತ್ತಿಲ್ಲ. ಎಲ್ಲೆಲ್ಲಿ ಯಾರ ಬಾಯಿಗೆ ಹೋಗುತ್ತಿದೆಯೋ.

ತಮ್ಮನವರು ಹೇಗಿದ್ದಾರೆ? ಒಂದೇ ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಇತಿ,
ಗಗನ


ಮಳವಳ್ಳಿ
12 ಜನವರಿ 2025

ಗಗನಳಿಗೆ,

ನಿನ್ನ ಎರಡೂ ಕಾಗದಗಳು ಬಂದಿವೆ. ಉತ್ತರ ಬರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ಪೊಟ್ಟಣ ಶನಿವಾರ ಸಂಜೆ ಬಂತು. ನಿನ್ನ ತಾಯಿಯೇ ಕಳಿಸಿದ್ದು ಎಂದು ಕೇಳಿ ಮಧುಕರ ಅದನ್ನು ಮೂಸಿ ನೋಡಿ, ನಾಳೆ ಇದೇ ಇರಲಿ ಎಂದು ಬರೆದ. ಎಂದಿನಂತೆ ನೀನು ಸೋಸಿಯೇ ಇರುತ್ತೀಯೆ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಮುಂಚೆ ಫೋನು ಬಂತು. ಎತ್ತಿದೆ, ಯಾರೂ ಮಾತಾಡಲಿಲ್ಲ. ಹಾಲು ಕಾಯಿಸುವಾಗ ಮತ್ತೆ ಬಂತು. ಮೂರನೆಯ ಸಲ ಬಂದಾಗ ನನ್ನ ಕೈಯಲ್ಲಿ ಕಲಸಿದ ಬಟ್ಟಲಿತ್ತು. ಬಟ್ಟಲು ಹಿಡಿದುಕೊಂಡೇ ಎತ್ತಿದೆ. ಆ ಕಡೆ ಉಸಿರು ಕೇಳಿಸಿತು. ಯಾರೋ ಕೆಲಸವಿಲ್ಲದವರು ಎಂದು ಇಟ್ಟುಬಿಟ್ಟೆ. ನಿನ್ನ ಕಾಗದ ನನ್ನ ಕೈಗೆ ಬಂದದ್ದು ಹನ್ನೊಂದು ಗಂಟೆಗೆ.

ಎರಡನೆಯ ಗುಟುಕಿಗೇ ಅವನು ನಿಲ್ಲಿಸಿದ. ಹಾಲು ಕೆಂಪಾಯಿತು. ರಕ್ತ ತುಂಬಾ ಹೊತ್ತು ನಿಲ್ಲಲಿಲ್ಲ. ಮಂಡ್ಯಕ್ಕೆ ಕರೆದುಕೊಂಡು ಹೋದೆವು. ಇನ್ನು ಬಾಯಿಂದ ಬೇಡ ಎಂದು ಮೂಗಿನಿಂದ ನಳಿಕೆ ಹಾಕಿದರು. ಹೇಗೂ ಸಂಕ್ರಾಂತಿಯ ಹೊತ್ತಿಗೆ ನಳಿಕೆ ಹಾಕಲೇಬೇಕಿತ್ತು ಎಂದು ಡಾಕ್ಟರು ಹೇಳಿದರು. ನಿನಗೆ ಸಮಾಧಾನವಾಗಲೆಂದು ಇದನ್ನು ಬರೆಯುತ್ತಿಲ್ಲ, ಅವರು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಮಧುಕರ ಡಿಸೆಂಬರ್ ಹನ್ನೊಂದರಂದು ತೀರಿಕೊಂಡ.

ಮರಳಿನಿಂದ ಅವನು ಹೋಗಲಿಲ್ಲ. ಅವನನ್ನು ತೆಗೆದುಕೊಂಡು ಹೋದದ್ದು ಬೇರೆ. ಆದರೆ ಅವನು ಬಾಯಿಂದ ತಿಂದ ಕೊನೆಯ ಪದಾರ್ಥ ಅದು. ಅದನ್ನು ಹೇಳದೆ ಇರಲೂ ನನಗೆ ಬರುವುದಿಲ್ಲ. ಆ ಬೆಳಿಗ್ಗೆ ನಾನು ಪೊಟ್ಟಣ ಎತ್ತಿ ಎಸೆಯಲು ಹೋದಾಗ ಅವನು ಸ್ಲೇಟು ತೆಗೆದುಕೊಂಡು ಬರೆದ: "ಪಾಪ, ಅವರಿಗೆ ಗೊತ್ತಾಗಿಲ್ಲ." ಸ್ಲೇಟನ್ನು ನಾನಿನ್ನೂ ಒರೆಸಿಲ್ಲ.

ಅವರಿಗೆ ಯಾಕೆ ಗೊತ್ತಾಗಿಲ್ಲ? ನೀನು ಹೇಳಲಿಲ್ಲ. ನೀನು ಹೇಳದೆ ಇರಲು ಅನುಕೂಲವಾಗುವಂಥ ಕಾರ್ಡನ್ನು ನಾನು ಬರೆದುಕೊಟ್ಟೆ. ನನ್ನ ಪಾಲಿನ ತಪ್ಪನ್ನು ನಾನು ನಿನ್ನ ಮೇಲೆ ಹಾಕುವುದಿಲ್ಲ.

ಒಂದೇ ಕೇಳುತ್ತೇನೆ. ಈ ಕಾಗದವನ್ನು ನಿನ್ನ ತಾಯಿಗೆ ಓದಿ ಹೇಳು. ಪೋಸ್ಟಿನವರಿಂದಲ್ಲ, ಶೋಭಿತಾಳಿಂದಲ್ಲ, ನೀನೇ. ಎಷ್ಟು ಹೊತ್ತಾದರೂ ಆಗಲಿ. ಒಂದು ಅಕ್ಷರವನ್ನೂ ಬಿಡಬೇಡ.

ಇತಿ,
ವೇದವತಿ


ಕೆರಗೋಡು
2 ಫೆಬ್ರವರಿ 2025

ಪೂಜ್ಯ ಮೇಡಮ್ ಅವರಿಗೆ ಗಗನ ಮಾಡುವ ನಮಸ್ಕಾರಗಳು.

ಓದಿದೆ.

ಹಬ್ಬ ಕಳೆಯಲಿ ಎಂದು ಎರಡು ದಿನ ಇಟ್ಟುಕೊಂಡಿದ್ದೆ. ಮೂರನೆಯ ದಿನ ಅವ್ವ ಜರಡಿ ಹಿಡಿದು ಕೂತಿದ್ದಾಗ ಎದುರಿಗೆ ಕೂತು ಕಾಗದ ಬಿಚ್ಚಿದೆ. ಮೊದಲ ಸಾಲಿಗೇ ಬಹಳ ಹೊತ್ತು ಹಿಡಿಯಿತು. ಅವ್ವ ಮೊದಲು ನಗುತ್ತಿದ್ದಳು, ಇನ್ನೊಂದು ಹೊಗಳಿಕೆಯ ಕಾಗದ ಎಂದುಕೊಂಡು. "ನಿದಾನುಕ್ಕೆ ಓದಮ್ಮಿ, ನಂಗೇನು ಬಸ್ಸದಾ?" ಎಂದಳು. ಬಟ್ಟಲಿನ ಜಾಗಕ್ಕೆ ಬಂದಾಗ ಅವಳ ಕೈಯಲ್ಲಿ ಜರಡಿ ನಿಂತಿತು. ಒಂದು ಅಕ್ಷರವನ್ನೂ ಬಿಡಲಿಲ್ಲ.

ಮುಗಿದ ಮೇಲೆ ಅವ್ವ ಕೇಳಿದ ಮೊದಲ ಮಾತು, "ಎಷ್ಟು ವರ್ಸವಂತೆ ಆ ಮಗೀಗೆ?"

"ನಲವತ್ತಾರು."

"ಪೋನ್ ಮಾಡ್ದೋಳು ನೀನೇಯಾ? ಮೂರ್ ದಪವೂವೆ?"

"ಊಂ."

ಅವ್ವ ನನ್ನನ್ನು ನೋಡಿದಳು. "ನನ್ ಹಲ್ಲು ಓಯ್ತು ಕಣಮ್ಮಿ, ಸರಿ. ನಿನ್ ಬಾಯೂ ಓಗಿತ್ತಾ?" ಅಂದಳು.

ನನಗೆ ನೆನಪಿರುವಂತೆ ನನ್ನ ಬಾಯಿಯ ವಿಷಯವನ್ನು ಅವ್ವ ಆಡಿದ್ದು ಅದೇ ಮೊದಲು. ಊರಿನಲ್ಲಿ ಯಾರಾದರೂ ಆಡಿದರೆ ಪೊರಕೆ ಹಿಡಿದು ಹೋಗುತ್ತಿದ್ದವಳು.

ಆಮೇಲೆ ಉಳಿದವನ್ನೂ ತಾ ಎಂದಳು. ಉಳಿದವು ಇವೆ ಎಂದು ನಾನು ಹೇಳಿರಲಿಲ್ಲ. ಟ್ರಂಕಿನಿಂದ ಏಳು ಚೀಟಿ, ನಿಮ್ಮ ಮೊದಲಿನ ಎರಡು ಕಾರ್ಡು, ಎಲ್ಲ ತಂದು ಓದಿದೆ. ಯಾರದು, ಯಾವ ಊರು ಎಂದು ಒಂದೊಂದಕ್ಕೂ ಕೇಳಿದಳು. ಒಂದು ಚೀಟಿಯಲ್ಲಿ ಮಗುವಿಗೆ ತಿನ್ನಿಸಿದ್ದೆವು ಎಂದಿತ್ತು. ಅದನ್ನು ಎರಡು ಸಲ ಓದಿಸಿದಳು.

ಮಧ್ಯಾಹ್ನ ಮರಳಿನ ಮಡಕೆಯನ್ನು ಬಿಸಿಲಿಗೆ ತಂದು ಒಂದು ಹಿಡಿ ಅಂಗೈಗೆ ಹಾಕಿಕೊಂಡು ಉಜ್ಜಿದಳು. ಆ ಮರಳಿನ ವಿಷಯ ನಿಮಗೆ ಬರೆದಿಲ್ಲ ಅಲ್ಲವೇ? ಅದು ನಮ್ಮ ಅಜ್ಜಿ ಮದ್ದೂರಿನ ಹತ್ತಿರ ಶಿಂಷಾ ಹೊಳೆಯಿಂದ ತಂದದ್ದು. ಅವ್ವ ಮದುವೆಯಾಗಿ ಬಂದಾಗ ಅಜ್ಜಿ ಅವಳ ಮಡಿಲಿಗೆ ಅಕ್ಕಿ ಬೆಲ್ಲ ಹಾಕಿದ ಮೇಲೆ ಈ ಮಡಕೆಯನ್ನೂ ಕೈಗೆ ಕೊಟ್ಟಿದ್ದಳಂತೆ. ಹಳೆಯದಾದಷ್ಟೂ ಮರಳು ಹದ ಹಿಡಿಯುತ್ತದೆ, ಬದಲಾಯಿಸಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ಅಡುಗೆ ಮನೆಯ ಯಾವ ಪಾತ್ರೆಯನ್ನೂ ಅವ್ವ ಅಷ್ಟು ಜೋಪಾನ ಮಾಡಿಲ್ಲ. ಮೂವತ್ತೊಂದು ವರ್ಷ ಕಾದು ಕಾದು, ಉಜ್ಜಿ ಉಜ್ಜಿ ಅದು ಕಪ್ಪಾಗಿ, ಸವೆದು, ಧೂಳಾಗಿದೆ. ಮೊದಲು ಕಣಕಣವಾಗಿ ಜರಡಿಯಿಂದ ಕೆಳಗೆ ಬೀಳುತ್ತಿದ್ದದ್ದು ಈಗ ಅರಳಿಗೇ ಅಂಟಿಕೊಳ್ಳುತ್ತದೆ. ಹಲ್ಲಿದ್ದಿದ್ದರೆ ಅವ್ವನಿಗೆ ಎಂದೋ ಗೊತ್ತಾಗುತ್ತಿತ್ತು.

"ಇದು ಮರ್ಳಲ್ಲ ಕಣಮ್ಮಿ. ಇದೂ ಇಟ್ಟಾಗೋಗದೆ" ಅಂದಳು.

ಹೋದ ಗುರುವಾರ ಇಬ್ಬರೂ ಮದ್ದೂರಿಗೆ ಹೋಗಿ ಹೊಳೆಗೆ ಇಳಿದೆವು. ಬಸ್ಸಿನಲ್ಲಿ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಪಕ್ಕದ ಹೆಂಗಸು "ಏನವ್ವ ಅದು, ಮೊಸ್ರಾ?" ಎಂದು ಕೇಳಿದರೆ ಹೂಂ ಎಂದಳು. ನೀರು ಕಮ್ಮಿ ಇತ್ತು. ಅವ್ವ ಮಡಕೆ ಬಗ್ಗಿಸಿದಳು. ಮರಳು ತಳಕ್ಕೆ ಇಳಿಯಲಿಲ್ಲ, ಬೂದಿಯ ಹಾಗೆ ನೀರಿನ ಮೇಲೆ ಸ್ವಲ್ಪ ದೂರ ಕಪ್ಪಗೆ ಹೋಯಿತು. ಅದು ಕಾಣಿಸುವವರೆಗೂ ನಿಂತಿದ್ದಳು. ನಿಮ್ಮ ತಮ್ಮನವರ ಹೆಸರು ಏನೆಂದು ಮತ್ತೊಮ್ಮೆ ಕೇಳಿದಳು. ಹೇಳಿದೆ. ಆ ಹೆಸರು ನನಗೆ ಮೊದಲ ಸಲಕ್ಕೇ ಬಂತು.

ಹೊಸ ಮರಳನ್ನು ಅವಳು ಮುಟ್ಟಲಿಲ್ಲ. "ಬೇಕಾದ್ರೆ ನೀನ್ ತುಂಬ್ಕೊ. ನಂದು ಮುಗೀತು" ಎಂದಳು. ನಾನು ಎರಡು ಬೊಗಸೆ ತುಂಬಿಕೊಂಡೆ. ತೊಳೆದು ಹಿತ್ತಲಲ್ಲಿ ಒಣಗಲು ಹಾಕಿದ್ದೇನೆ. ಒಲೆ ಹಚ್ಚಿಲ್ಲ. ಯಾವಾಗ ಹಚ್ಚುತ್ತೇನೋ ಗೊತ್ತಿಲ್ಲ. ನಿಮ್ಮ ಕಾರ್ಡು ಗೋಡೆಯ ಮೇಲೇ ಇದೆ. ತೆಗೆಯಲೇ ಎಂದು ಕೇಳಿದ್ದಕ್ಕೆ, ಬೇಡ, ಆ ಕಾಗದವನ್ನೂ ಅದರ ಪಕ್ಕಕ್ಕೆ ಸಿಕ್ಕಿಸು ಎಂದಳು. ಬೆಳಿಗ್ಗೆ ಏಳು ಗಂಟೆಯಾದರೆ ಏನು ಕೆಲಸ ಮಾಡುತ್ತಿದ್ದರೂ ಬಿಟ್ಟು ಅವ್ವ ಸುಮ್ಮನೆ ಕೂರುತ್ತಾಳೆ. ಯಾಕೆ ಎಂದು ನಾನು ಕೇಳಿಲ್ಲ.

ನಿಮ್ಮನ್ನು ಕ್ಷಮೆ ಕೇಳುವ ಮುಖ ನನಗಿಲ್ಲ. ಮೊದಲ ಕಾಗದದಲ್ಲಿ ಅಕ್ಷರಕ್ಕೆ ಕ್ಷಮೆ ಕೇಳಿದ್ದೆ, ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಎರಡು ವಾರದಿಂದ ಆಗದೇ ಇದ್ದದ್ದನ್ನು ಇವತ್ತು ಬೆಳಿಗ್ಗೆ ಮಾಡಿದೆ, ಅಂಬರೀಶಣ್ಣನ ಅಂಗಡಿಗೆ ಫೋನು. ಕೆ.ಎಂ. ದೊಡ್ಡಿಯ ಅಂಗಡಿಗೆ ಇನ್ನೂ ಮಾಡಬೇಕಿದೆ. ಅವ್ವ ಪಕ್ಕದಲ್ಲಿ ಕೂತಿದ್ದಳು. ಆ ಕಡೆಯಿಂದ "ಯಾರು?" ಎಂದರು. ನನಗೆ ಬರಲಿಲ್ಲ. "ಯಾರ್ರೀ, ಮಾತಾಡಿ, ಇಲ್ಲಾ ಇಡಿ" ಎಂದರು. ನಾನು ಇಡಲಿಲ್ಲ. ನನ್ನ ಹೆಸರಿನ ಮೊದಲ ಅಕ್ಷರವೇ ನಾಲ್ಕು ಸಲ ಬಂತು. ಆಮೇಲೆ ಹೇಳಿದೆ: "ಅಣ್ಣಾ, ನಾನು ಹೊಂಬಾಳಮ್ಮನ ಮಗಳು. ನಮ್ಮಿಟ್ಟಲ್ಲಿ ಮರ್ಳದೆ. ಒಂದು ಪೊಟ್ಣವೂ ಮಾರ್ಬ್ಯಾಡಿ." ಅವರು "ಎಷ್ಟವೆ ನೋಡ್ತೀನಿ, ಇರವ್ವ" ಎಂದು ಫೋನನ್ನು ಗಲ್ಲಾದ ಮೇಲಿಟ್ಟು ಹೋದರು. ಪೊಟ್ಟಣಗಳನ್ನು ಒಂದೊಂದಾಗಿ ಕೆಳಗಿಳಿಸುವ ಸದ್ದು ಕೇಳಿಸುತ್ತಿತ್ತು. ಅವರು ಬರುವ ತನಕ ನಾನು ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದೆ.

ಇತಿ,
ಗಗನ